ನಾವು ಬರೆದೆವು, ಅವಳು ಹಚ್ಚಿಕೊಂಡಳು

ಈ ಬರಹ ಹಾಕಬೇಕೋ ಬೇಡವೋ ಎಂದು ನಾವು ನಾಲ್ವರೂ ಎರಡು ತಿಂಗಳು ಜಗಳವಾಡಿದ್ದೇವೆ. ನಮ್ಮ ಮರ್ಯಾದೆ ನಾವೇ ಯಾಕೆ ಕಳೆದುಕೊಳ್ಳಬೇಕು ಎಂದು ಇಬ್ಬರು. ತಪ್ಪು ಮಾಡಿದ್ದು ನಾವೇ ಅಲ್ಲವಾ ಎಂದು ಇನ್ನಿಬ್ಬರು. ಕೊನೆಗೆ ತೀರ್ಮಾನ ಕೊಟ್ಟಿದ್ದು ನಾವಲ್ಲ. ಯಾರ ಮುಖ ಕೆಟ್ಟಿತೋ ಅವಳೇ ಹೇಳಿದಳು: "ಬರೀರಿ ಅಕ್ಕಾ. ನನ್ನಂಗ ಇನ್ನೆಷ್ಟು ಮಂದಿ ಹಚ್ಚಿಕೊಳ್ಳಾಕತ್ತಾರೋ ಏನೋ."

ಹಾಗಾಗಿ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಿದೆ. ಪೂರ್ತಿ ಓದಲು ಪುರಸೊತ್ತಿಲ್ಲದಿದ್ದರೆ, ಟ್ಯೂಬಿನ ಮೇಲೆ ಏನು ನೋಡಬೇಕು ಎಂಬ ಭಾಗವನ್ನಾದರೂ ಓದಿ. ಮನೆಯಲ್ಲಿ ಓದಲು ಬಾರದವರಿಗೆ ಓದಿ ಹೇಳಿ.

ಚೆಂದದ ಸುದ್ದಿ ಶುರುವಾದ ಬಗೆ

ಪತ್ರಿಕೋದ್ಯಮ ಓದಿ ಊರಿಗೆ ವಾಪಸಾದ ಮೇಲೆ ನಾವು ಬರೆದದ್ದೆಲ್ಲ ಕೆರೆಯ ಹೂಳು, ಬೆಳೆ ವಿಮೆ, ತಡವಾದ ನರೇಗಾ ಕೂಲಿ, ರೇಷನ್ ಅಂಗಡಿಯಲ್ಲಿ ಕೈಕೊಡುವ ಸರ್ವರ್, ಇಂಥವೇ. ಈಗಲೂ ಬರೆಯುತ್ತೇವೆ. ಆದರೆ ಓದುವವರು ಬೆರಳೆಣಿಕೆಯಷ್ಟು ಜನ.

ಒಂದು ವಾರ ನಮ್ಮಲ್ಲೊಬ್ಬಳು ತನ್ನ ಅವ್ವನ ಹಳೆಯ ಇಳಕಲ್ ಸೀರೆಯ ಬಗ್ಗೆ ಬರೆದಳು. ಕೆಂಪು ಸೆರಗಿನ ಆ ಸೀರೆ ಹದಿನೈದು ವರ್ಷ ಟ್ರಂಕಿನಲ್ಲಿತ್ತು. ಅದಕ್ಕೆ ಗುಳೇದಗುಡ್ಡದ ಖಣದ ಕುಪ್ಪಸ ಹಾಕುವ ಬದಲು, ತಮ್ಮನ ಬಿಳಿ ಅಂಗಿ ಹಾಕಿಕೊಂಡು ಗ್ರಾಮಸಭೆಗೆ ವರದಿಗೆ ಹೋಗಿದ್ದಳು. ಸೀರೆಯನ್ನು ಸ್ವಲ್ಪ ಮೇಲಕ್ಕೆತ್ತಿ ಉಟ್ಟರೆ ಬಸ್ ಹತ್ತಲು ಎಷ್ಟು ಸಲೀಸು, ಪಿನ್ನು ಎಲ್ಲಿ ಹಾಕಬೇಕು, ಮೈಕ್ ಹಿಡಿದಾಗ ಸೆರಗು ಜಾರದ ಹಾಗೆ ಹೇಗೆ ಸಿಕ್ಕಿಸಬೇಕು ಎಂದೆಲ್ಲ ಬರೆದು ಒಂದು ಫೋಟೋ ಹಾಕಿದಳು.

ಒಂದೇ ದಿನಕ್ಕೆ ಅದು ನಮ್ಮ ಕೆರೆ ಸುದ್ದಿಗಿಂತ ಎಷ್ಟೋ ಪಟ್ಟು ಓಡಿತು. ಅಂಗನವಾಡಿ ಟೀಚರ್‌ಗಳು, ಆಶಾ ಕಾರ್ಯಕರ್ತೆಯರು, ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಅಕ್ಕಂದಿರು, ಎಲ್ಲರೂ ಕೇಳತೊಡಗಿದರು. ಬಿಸಿಲಿಗೆ ಮುಖ ಕಪ್ಪಾಗುತ್ತದೆ, ಏನು ಮಾಡಲಿ? ಹಿಮ್ಮಡಿ ಬಿರಿದು ರಕ್ತ ಬರುತ್ತದೆ, ಏನು ಹಚ್ಚಲಿ? ಕೆನ್ನೆ ಮೇಲೆ ಬಂಗು ಬಂದಿದೆ, ಹೋಗುತ್ತದಾ?

ನಮಗೂ ನಿಜವೆನಿಸಿತು. ಟಿವಿಯಲ್ಲಿ, ಫೋನಿನಲ್ಲಿ ಚರ್ಮದ ಬಗ್ಗೆ ಹೇಳುವವರೆಲ್ಲ ಏಸಿ ರೂಮಿನಲ್ಲಿ ಕೂತವರು. ದಿನಕ್ಕೆ ಏಳು ತಾಸು ಬಿಸಿಲಲ್ಲಿ ಬಗ್ಗಿ ಕೆಲಸ ಮಾಡುವ ಮುಖದ ಬಗ್ಗೆ ಯಾರೂ ಹೇಳುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ‘ಚೆಂದ’ ಎಂದು ಬರೆಯಲು ಶುರು ಮಾಡಿದೆವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಕ್ರೀಮಿನ ಬರಹ

ನಮ್ಮಲ್ಲೊಬ್ಬಳ ತಂಗಿಯ ಮದುವೆ ಬಂತು. ಮದುವೆಗೆ ಹತ್ತು ದಿನ ಮುಂಚೆ ಸಂಬಂಧಿಕರೊಬ್ಬರು ಒಂದು ಸಣ್ಣ ಟ್ಯೂಬ್ ಕೊಟ್ಟರು. ರಾತ್ರಿ ಮಲಗುವಾಗ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು. ಐದನೇ ದಿನಕ್ಕೆ ಮೊಡವೆ ಮಾಯ, ಹತ್ತನೇ ದಿನಕ್ಕೆ ಮುಖ ತಿಳಿ. ಮದುವೆ ಮನೆಯಲ್ಲಿ ಎಲ್ಲರೂ "ಏನ್ ಹಚ್ಚೀಯವ್ವಾ ಮಾರಿಗಿ?" ಎಂದು ಕೇಳಿದವರೇ.

ಅವಳು ಅದನ್ನೇ ಬರೆದಳು. ನಾವು ಮೂವರೂ ಓದಿ, ಕಾಗುಣಿತ ತಿದ್ದಿ, ಹಾಕಿದೆವು. ಕಾಗುಣಿತ ತಿದ್ದಿದೆವು, ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಒಬ್ಬರೂ ಓದಲಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ಮೊದಲ ವಾರವೇ ಕಲಿತ ಪಾಠ, ಹೇಳಿದ್ದನ್ನು ಇನ್ನೊಂದು ಕಡೆ ಪರೀಕ್ಷಿಸಿ ನೋಡು ಎಂಬುದು. ಬೆಳೆ ವಿಮೆಯ ಸುದ್ದಿಗೆ ನಾಲ್ಕು ಜನರನ್ನು ಕೇಳುತ್ತಿದ್ದ ನಾವು, ಮುಖಕ್ಕೆ ಹಚ್ಚುವ ವಸ್ತುವಿಗೆ ಒಬ್ಬರನ್ನೂ ಕೇಳಲಿಲ್ಲ. ಇದು ‘ಚೆಂದ’ದ ವಿಷಯ, ಇದರಲ್ಲಿ ಏನು ತಪ್ಪಾದೀತು ಎಂಬ ಸಸಾರ.

ಆ ಬರಹ ನಾವು ಅಂದುಕೊಂಡದ್ದಕ್ಕಿಂತ ದೂರ ಹೋಯಿತು. ಅದಾಗಿ ಮೂರು ವಾರಕ್ಕೆ ಆ ಕ್ರೀಮ್ ಮಾರುವ ಒಬ್ಬರು ಫೋನ್ ಮಾಡಿ, ಇನ್ನೊಂದು ಸಲ ಬರೆಯಿರಿ ಎಂದು ಒಂದೂವರೆ ಸಾವಿರ ರೂಪಾಯಿ ಕಳಿಸಿದರು. ತೆಗೆದುಕೊಂಡೆವು. ಬರೆದೆವು. ದುಡ್ಡು ತೆಗೆದುಕೊಂಡಿದ್ದೇವೆ ಎಂದು ನಿಮಗೆ ಹೇಳಲಿಲ್ಲ. ಆ ದುಡ್ಡಿನಲ್ಲಿ ಮೂರು ತಿಂಗಳ ಇಂಟರ್ನೆಟ್ ಖರ್ಚು ಕಳೆಯಿತು. ನೆಪಕ್ಕೆ ಹೇಳುತ್ತಿಲ್ಲ, ಲೆಕ್ಕ ಒಪ್ಪಿಸಲು ಹೇಳುತ್ತಿದ್ದೇವೆ.

ಅವಳು ಬಂದ ದಿನ

ಸುಮಾರು ಎಂಟು ತಿಂಗಳ ನಂತರ ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ನಮ್ಮಲ್ಲಿಬ್ಬರನ್ನು ಗುರುತು ಹಿಡಿದು ಮಾತಾಡಿಸಿದಳು. ಇಪ್ಪತ್ತರ ಆಸುಪಾಸು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು. ನೆರಳಿಗೆ ಕರೆದುಕೊಂಡು ಹೋಗಿ ದುಪಟ್ಟಾ ಬಿಚ್ಚಿದಳು.

ಎರಡೂ ಕೆನ್ನೆ ಕೆಂಪಗೆ ಬೆಂದ ಹಾಗಿದ್ದವು. ಕೆನ್ನೆಯ ಮೇಲೆ ದಾರದಂಥ ಸಣ್ಣ ಕೆಂಪು ನರಗಳು. ಗಲ್ಲದ ತುಂಬ ಮೊಡವೆ. ಬಾಯಿಯ ಸುತ್ತ ನುಣ್ಣನೆ ಕೂದಲು ಹುಟ್ಟಿತ್ತು. ಬಿಸಿಲು ಬಿಡಿ, ಒಲೆ ಮುಂದೆ ಕೂತರೂ ಉರಿ ಎಂದಳು. ಆ ಸಲದ ಸುಗ್ಗಿಗೆ ಮೆಣಸಿನಕಾಯಿ ಕೆಲಸಕ್ಕೂ ಹೋಗಿರಲಿಲ್ಲ.

ಅವಳನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಸ್ವಲ್ಪ ಕಪ್ಪ" ಎಂದು ಹೇಳಿ ಹೋಗಿದ್ದರಂತೆ. ಅದೇ ವಾರ ಅತ್ತಿಗೆಯ ಫೋನಿನಲ್ಲಿ ನಮ್ಮ ಬರಹ ಓದಿದ್ದಳು. ಮೊದಲ ತಿಂಗಳು ಮುಖ ಹೊಳೆಯಿತು, ಓಣಿಯವರೆಲ್ಲ ಹೊಗಳಿದರು. ಒಮ್ಮೆ ಟ್ಯೂಬ್ ಮುಗಿದು ಮೂರು ದಿನ ಹಚ್ಚದೇ ಇದ್ದಾಗ ಮುಖ ಉರಿದು ಕೆಂಪಾಯಿತು. ಮತ್ತೆ ಹಚ್ಚಿದಳು, ತಣ್ಣಗಾಯಿತು. ಅಂದರೆ ಕ್ರೀಮ್ ಒಳ್ಳೆಯದೇ, ಬಿಟ್ಟದ್ದೇ ತಪ್ಪು ಎಂದು ತಿಳಿದು ಬಿಡದೆ ಹಚ್ಚಿದಳು.

ಅವಳು ನಮ್ಮನ್ನು ಬೈಯುತ್ತಾಳೆ ಎಂದುಕೊಂಡೆವು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ಅಕ್ಕಾ, ಇದಕ್ಕ ಬ್ಯಾರೆ ಕ್ರೀಮ್ ಯಾವುದಾದ್ರೂ ಬರದೀರೇನು?"

ಮರುದಿನ ಅವಳನ್ನೂ ಅವಳ ಅವ್ವನನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಯ ಚರ್ಮರೋಗದ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಮುಖ ನೋಡಿ, ಟ್ಯೂಬ್ ತಿರುಗಿಸಿ ಓದಿ, ಕೇಳಿದರು: "ಇದು ಚೆಂದಕ್ಕೆ ಹಚ್ಚೋ ಕ್ರೀಮಲ್ಲಮ್ಮಾ, ಔಷಧಿ. ನಿನಗೆ ಯಾರು ಬರೆದುಕೊಟ್ಟರು?"

ಹುಡುಗಿ ಏನೂ ಹೇಳಲಿಲ್ಲ. ನಮ್ಮ ಕಡೆ ನೋಡಿದಳು. "ನಾವೇ ಬರೆದದ್ದು ಸರ್" ಎಂದು ಹೇಳಬೇಕಾಯಿತು.

ಆ ಟ್ಯೂಬಿನೊಳಗೆ ಇದ್ದದ್ದು

ಡಾಕ್ಟರು ಹೇಳಿದ್ದನ್ನು ನಮಗೆ ಅರ್ಥವಾದ ಹಾಗೆ ಹೇಳುತ್ತೇವೆ. ಟ್ಯೂಬಿನಲ್ಲಿ ಮೂರು ಔಷಧಿ ಸೇರಿದ್ದವು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಎರಡನೆಯದು ಮೇಲಿನ ಪದರವನ್ನು ಬೇಗ ಬೇಗ ಉದುರಿಸುತ್ತದೆ. ಮೂರನೆಯದು ಸ್ಟೀರಾಯ್ಡ್. ಬಂಗಿಗೆ ಡಾಕ್ಟರು ಇಂಥ ಔಷಧಿಯನ್ನು ಕೆಲವು ವಾರಗಳ ಮಟ್ಟಿಗೆ, ತಾವು ನೋಡುತ್ತಾ, ಬರೆದುಕೊಡುವುದುಂಟು. ತಿಂಗಳುಗಟ್ಟಲೆ ಸ್ನೋ, ಪೌಡರಿನ ಹಾಗೆ ಬಳಿದುಕೊಳ್ಳುವುದಕ್ಕಲ್ಲ.

ಸ್ಟೀರಾಯ್ಡ್ ಹಚ್ಚಿದರೆ ಮೊದಲು ಯಾಕೆ ಚೆಂದ ಕಾಣುತ್ತದೆ? ಅದು ಚರ್ಮದ ಕೆಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಊತ ಇಳಿಸುತ್ತದೆ, ಬಣ್ಣ ಕಡಿಮೆ ಮಾಡುತ್ತದೆ. ಮುಖ ತಿಳಿಯಾಗುತ್ತದೆ. ಆದರೆ ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗುತ್ತದೆ, ಹಳೆಯ ಧೋತರ ಒಗೆದು ಒಗೆದು ಜಾಳಾದ ಹಾಗೆ. ಒಳಗಿನ ರಕ್ತನಾಳ ಹಿಗ್ಗಿ ಹೊರಗೆ ಕಾಣುತ್ತವೆ. ಮೊಡವೆ, ಕೂದಲು ಬರುತ್ತವೆ. ಬಿಸಿಲು ತಡೆಯುವುದಿಲ್ಲ. ಬಿಟ್ಟ ಕೂಡಲೇ ಉರಿ ಏಳುವುದರಿಂದ ಬಿಡಲೂ ಆಗುವುದಿಲ್ಲ. ಹೀಗಾದ ಮುಖಕ್ಕೆ ನಮ್ಮ ದೇಶದ ಚರ್ಮವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ: ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ. ಒಂದು ಕಾಯಿಲೆಗೆ ಹೆಸರು ಇಡುವಷ್ಟು ಜನ ಅವರ ಬಾಗಿಲಿಗೆ ಬಂದಿದ್ದಾರೆ ಎಂದಾಯಿತು.

ಸ್ಟೀರಾಯ್ಡ್ ಎಂಬುದೇ ವಿಷ ಎಂದು ಇದರರ್ಥವಲ್ಲ. ಇಸುಬು ಮೊದಲಾದ ಚರ್ಮದ ತೊಂದರೆಗೆ ಡಾಕ್ಟರು ಕೊಟ್ಟರೆ ಅದು ಒಳ್ಳೆಯ ಔಷಧಿಯೇ. ಅವರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಬೇಕು, ಅಷ್ಟೆ. ಸರ್ಕಾರ 2018ರಲ್ಲಿ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ನಿಯಮ ಇದೆ. ಅದೇನೋ ಚೀಟಿ ಕೇಳದೆ ಟ್ಯೂಬ್ ಕೈಗೆ ಬರುವುದೂ ಇದೆ.

ಗಂಡಸರೂ ಕೇಳಿಸಿಕೊಳ್ಳಿ. ತೊಡೆ ಸಂದಿಯ ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಮುಲಾಮಿನಲ್ಲೂ ಎಷ್ಟೋ ಸಲ ಸ್ಟೀರಾಯ್ಡ್ ಸೇರಿರುತ್ತದೆ. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹರಡಿ ಆಮೇಲೆ ದೊಡ್ಡದಾಗಿ ಏಳುತ್ತದೆ.

ಟ್ಯೂಬಿನ ಮೇಲೆ ಏನು ನೋಡಬೇಕು

ಮೊದಲು ಗುರುತು ನೋಡಿ. ಇಂಗ್ಲಿಷಿನ ಆರ್ ಅಕ್ಷರದ ಬಾಲಕ್ಕೆ ಅಡ್ಡ ಗೀಟು ಎಳೆದಂಥ ಗುರುತು ಅಥವಾ ಕೆಂಪು ಗೆರೆ ಇದ್ದರೆ ಅದು ಔಷಧಿ, ಚೆಂದದ ಕ್ರೀಮಲ್ಲ. ಡಾಕ್ಟರು ನಿಮ್ಮನ್ನು ನೋಡಿ ಬರೆಯದಿದ್ದರೆ ಹಚ್ಚಬೇಡಿ.

ಆಮೇಲೆ ಹೆಸರು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್. ಇವೆಲ್ಲ ಸ್ಟೀರಾಯ್ಡ್. ಇಂಗ್ಲಿಷ್ ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಗೆ ಕೊಡಿ, ಅಕ್ಷರ ಕೂಡಿಸಿ ಓದುತ್ತಾರೆ. ಹೆಸರಿನ ಕೊನೆಗೆ ‘ಸೋನ್’ ಎಂದು ಬಂದರೆ ಅಲ್ಲಿಗೆ ನಿಲ್ಲಿಸಿ, ಕೇಳಿ.

ಮೂರನೆಯದು, ಏನೂ ಬರೆಯದ ಡಬ್ಬಿ. ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಒಳಗೆ ಏನಿದೆ ಎಂಬ ಪಟ್ಟಿಯಿಲ್ಲ ಎಂದರೆ ಅದು ಎಷ್ಟು ಅಗ್ಗವಾದರೂ ಬೇಡ. ಇಂಥ ಬೆಳ್ಳಗಾಗುವ ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸಿರುತ್ತಾರೆ. ಪಾದರಸ ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿ ಕೆಡಿಸುತ್ತದೆ. 2023ರಲ್ಲಿ ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆಯಿಂದ ಬಂದವರನ್ನು ವೈದ್ಯರು ಕೆದಕಿ ವಿಚಾರಿಸಿದಾಗ, ಹಲವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರೇ ಎಂದು ಗೊತ್ತಾಯಿತು.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಗಾಬರಿಯಾಗಬೇಡಿ, ನಾಚಿಕೆಯನ್ನೂ ಪಡಬೇಡಿ. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ಬಿಡಿಸಬೇಕು, ಉರಿಗೆ ಏನು ಕೊಡಬೇಕು ಎಂದು ಅವರಿಗೆ ಗೊತ್ತು. ಉರಿ ತಾಳಲಾರದೆ ಇನ್ನೊಂದು ಕ್ರೀಮ್ ಹುಡುಕಬೇಡಿ.

ನಾವು ಮಾಡಿದ್ದು

ಆಸ್ಪತ್ರೆಯಿಂದ ಬಂದ ರಾತ್ರಿಯೇ ಎರಡೂ ಬರಹ ಅಳಿಸಿಬಿಡೋಣ ಎಂದುಕೊಂಡೆವು. ಅಳಿಸಿದರೆ ನಮ್ಮ ತಪ್ಪು ಮುಚ್ಚಿಹೋಗುತ್ತದೆ, ಹಚ್ಚಿಕೊಳ್ಳುತ್ತಿರುವವರಿಗೆ ಮಾತ್ರ ಗೊತ್ತಾಗುವುದಿಲ್ಲ. ಆದ್ದರಿಂದ ಅಳಿಸಲಿಲ್ಲ. ಎರಡರ ತಲೆ ಮೇಲೂ "ಈ ಬರಹ ತಪ್ಪು. ಈ ಕ್ರೀಮ್ ಹಚ್ಚಬೇಡಿ. ಹಚ್ಚಿದ್ದರೆ ಡಾಕ್ಟರಿಗೆ ತೋರಿಸಿ" ಎಂದು ದೊಡ್ಡದಾಗಿ ಬರೆದು, ಕ್ರೀಮಿನ ಹೆಸರನ್ನೂ ಕೊಳ್ಳುವ ಲಿಂಕನ್ನೂ ತೆಗೆದೆವು. ಮೊದಲು ಯಾವ ಯಾವ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆವೋ ಅಲ್ಲಿಗೆಲ್ಲ ಮತ್ತೆ ಕಳಿಸಿದೆವು. ಒಂದೂವರೆ ಸಾವಿರ ವಾಪಸ್ ಮಾಡಿದೆವು.

ಸುಳ್ಳು ಓಡಿದಷ್ಟು ತಿದ್ದುಪಡಿ ಓಡಲಿಲ್ಲ. ಅದಕ್ಕೇ ಈ ಬರಹ.

ದುಡ್ಡು ತೆಗೆದುಕೊಂಡು ಹೇಳದೇ ಇರುವುದು ಬರೀ ಮನಸ್ಸಾಕ್ಷಿಯ ಮಾತಲ್ಲ ಎಂದು ಆಮೇಲೆ ತಿಳಿದುಕೊಂಡೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರನ್ನು ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ದುಡ್ಡಾಗಲಿ, ಪುಕ್ಕಟೆ ಸಾಮಾನಾಗಲಿ ತೆಗೆದುಕೊಂಡು ಬರೆದರೆ, ರೀಲ್ಸ್ ಮಾಡಿದರೆ, ಇದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು. ನಿಮಗೆ ಯಾವುದಾದರೂ ವಸ್ತುವಿನಿಂದ ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ದುಡಿಯುವ ಮೈಗೆ

‘ಚೆಂದ’ ನಿಲ್ಲಿಸಿಬಿಡಿ ಎಂದು ಕೆಲವರು ಹೇಳಿದರು. ನಿಲ್ಲಿಸಲಿಲ್ಲ. ನಿಮ್ಮ ಪ್ರಶ್ನೆಗಳು ಹಾಗೇ ಇವೆ. ನಾವು ಬರೆಯದಿದ್ದರೆ ಉತ್ತರ ಹೇಳಲು ಟ್ಯೂಬ್ ಮಾರುವವರು ಇದ್ದೇ ಇದ್ದಾರೆ. ಈಗ ಡಾಕ್ಟರನ್ನು ಕೇಳಿ ಬರೆಯುತ್ತೇವೆ. ಇಲ್ಲಿಯವರೆಗೆ ಕೇಳಿ ತಿಳಿದದ್ದರಲ್ಲಿ ಕೆಲವು:

ಬಿಸಿಲಿಗೆ ಮೊದಲ ಕ್ರೀಮು ಬಟ್ಟೆ. ದಪ್ಪ ಹತ್ತಿ ಸೆರಗು, ಗಂಡಸರ ಹಳೆಯ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ. ಸನ್‌ಸ್ಕ್ರೀನ್ ಒಳ್ಳೆಯದೇ. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನುದ್ದ, ಎರಡು-ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಹೀಗೆ ಹಚ್ಚಿದರೆ ಸಣ್ಣ ಟ್ಯೂಬ್ ಎರಡು-ಮೂರು ವಾರದೊಳಗೆ ಖಾಲಿ. ಕೂಲಿಯ ಮನೆಗೆ ಅದು ಭಾರವೇ. ಕೊಳ್ಳಲಾಗದಿದ್ದರೆ ಬೇಸರ ಬೇಡ, ಬಟ್ಟೆಯೇ ದೊಡ್ಡ ರಕ್ಷಣೆ. ಬಂಗು ಇದ್ದವರು ಮಾತ್ರ ಬಿಸಿಲು ಆದಷ್ಟು ತಪ್ಪಿಸಲೇಬೇಕು, ಇಲ್ಲವಾದರೆ ಯಾವ ಔಷಧಿಯೂ ನಿಲ್ಲುವುದಿಲ್ಲ.

ಮೆಣಸಿನಕಾಯಿ ಕೈ ಉರಿದಾಗ ನೀರು ಹಾಕಿದರೆ ಪ್ರಯೋಜನ ಕಡಿಮೆ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು. ಅದಾಗದೆ ಕಣ್ಣು ಮುಟ್ಟಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ.

ಬಿರಿದ ಹಿಮ್ಮಡಿಗೆ ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಒರೆಸಿ, ಇನ್ನೂ ಹಸಿ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹಳೆಯ ಕಾಲುಚೀಲ ಹಾಕಿ ಮಲಗಿ.

ಹಣೆಗೆ ಅಂಟಿಸುವ ಟಿಕ್ಕಿಯನ್ನು ರಾತ್ರಿ ತೆಗೆದು ಹಣೆ ತೊಳೆಯಿರಿ. ಕೆಲವು ಟಿಕ್ಕಿಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯ ಮೇಲೆ ತುರಿಕೆ ಬರುತ್ತದೆ, ಬಿಳಿ ಮಚ್ಚೆಯೂ ಬೀಳಬಹುದು. ಬಣ್ಣ ಬದಲಾದ ಕೂಡಲೇ ಆ ಟಿಕ್ಕಿ ಬಿಟ್ಟು ಡಾಕ್ಟರಿಗೆ ತೋರಿಸಿ. ಬಿಳಿ ಮಚ್ಚೆ ಕಂಡರೆ ತೊನ್ನು ಎಂದು ದೂರ ಸರಿಯುವವರಿಗೂ ಒಂದು ಮಾತು: ತೊನ್ನು ಮುಟ್ಟಿದರೆ ಹರಡುವ ರೋಗವಲ್ಲ.

ಮುಖಕ್ಕೆ ಲಿಂಬೆ ರಸ, ಅಡುಗೆ ಸೋಡಾ, ಹಲ್ಲಿನ ಪೇಸ್ಟ್ ಬೇಡ. ಲಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಇದನ್ನು ನಾವೂ ಹಿಂದೊಮ್ಮೆ ‘ಮನೆಮದ್ದು’ ಎಂದು ಬರೆದಿದ್ದೆವು. ಆ ಬರಹದ ಮೇಲೂ ತಿದ್ದುಪಡಿ ಹಾಕಿದ್ದೇವೆ.

ಬರೆಯಲು ಹೊರಟವರಿಗೆ

ಕಾಲೇಜಿನ ತಮ್ಮಂದಿರು, ತಂಗಿಯರು, ನಾವೂ ಹೀಗೆ ಬರೆಯಬೇಕು, ರೀಲ್ಸ್ ಮಾಡಬೇಕು, ಹೇಗೆ ಶುರು ಮಾಡಲಿ ಎಂದು ಕೇಳುತ್ತಿರುತ್ತಾರೆ. ಮೊದಲಾಗಿದ್ದರೆ ಒಳ್ಳೆಯ ಶೀರ್ಷಿಕೆ ಕೊಡಿ, ಬೆಳಿಗ್ಗೆ ಏಳಕ್ಕೆ ಹಾಕಿ, ಫೋಟೋ ಬೆಳಕಿನಲ್ಲಿ ತೆಗೆಯಿರಿ ಎನ್ನುತ್ತಿದ್ದೆವು. ಅದೆಲ್ಲ ಈಗಲೂ ಸರಿಯೇ. ಆದರೆ ಅದಕ್ಕಿಂತ ಮೊದಲಿನವು ಕೆಲವು ಇವೆ.

ಯಾವುದನ್ನು ಹೇಳುತ್ತೀರೋ ಅದನ್ನು ನೀವು ಎಷ್ಟು ದಿನ ಬಳಸಿದ್ದೀರಿ ಎಂದು ಬರೆಯಿರಿ. ನಮ್ಮವಳು ಹಚ್ಚಿದ್ದು ಹತ್ತೇ ದಿನ. ಆ ಒಂದು ಸಾಲು ಬರಹದಲ್ಲಿ ಇದ್ದಿದ್ದರೆ ಆ ಹುಡುಗಿ ಎಂಟು ತಿಂಗಳು ಹಚ್ಚುತ್ತಿರಲಿಲ್ಲವೋ ಏನೋ. ಮೈಗೆ ಹಚ್ಚುವ, ಹೊಟ್ಟೆಗೆ ತಿನ್ನುವ ವಸ್ತುವಾದರೆ ಅದನ್ನು ಓದಿ ಕಲಿತ ಒಬ್ಬರನ್ನಾದರೂ ಕೇಳದೆ ಬರೆಯಬೇಡಿ. ದುಡ್ಡು ತೆಗೆದುಕೊಂಡಿದ್ದರೆ ಮೊದಲ ಸಾಲಿನಲ್ಲೇ ಹೇಳಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಲ್ಲ. ತಪ್ಪಾದರೆ ಅಳಿಸಿ ಓಡಬೇಡಿ, ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯನ್ನೂ ಕಳಿಸಿ. ಇನ್ನೊಂದು, ಫೋನ್ ಕ್ಯಾಮೆರಾದ ಬ್ಯೂಟಿ ಮೋಡ್ ಆರಿಸಿ. ನಮ್ಮ ನಾಲ್ವರ ಫೋಟೋಗಳೂ ಒಂದು ವರ್ಷ ಫಿಲ್ಟರಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಕ್ರೀಮಿನ ಬರಹವನ್ನು ಜನ ನಂಬಿದ್ದಕ್ಕೆ ಆ ಫೋಟೋಗಳ ಪಾಲೂ ಇದೆ. ಈಗ ಬದಲಾಯಿಸಿದ್ದೇವೆ, ನೋಡಿರಬಹುದು. ನಮ್ಮ ಬಣ್ಣ ಇದೇ.

ದೊಡ್ಡ ಊರುಗಳಲ್ಲಿ ಕೂತು ಬರೆಯುವವರಿಗೆ ಓದುಗರ ಮುಖ ಕಾಣುವುದಿಲ್ಲ. ಹಳ್ಳಿಯಲ್ಲಿ ಬರೆಯುವವರಿಗೆ ಸಂತೆಯಲ್ಲಿ, ಬಸ್ಸಿನಲ್ಲಿ ಎದುರಾಗುತ್ತದೆ. ಇಲ್ಲಿ ನಮ್ಮ ಮಾತನ್ನು ಜನ ಜಾಹೀರಾತು ಎಂದು ಓದುವುದಿಲ್ಲ, ಅಕ್ಕ ಹೇಳಿದಳು, ಅಣ್ಣ ಹೇಳಿದ ಎಂದು ಓದುತ್ತಾರೆ. ನಮಗಿರುವ ಬಲ ಅದೊಂದೇ. ಅದನ್ನು ಒಂದೂವರೆ ಸಾವಿರಕ್ಕೆ ಮಾರಿದ್ದೆವು.

ಎರಿ ಹೊಲದ ಲೆಕ್ಕ

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ, 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದು ಗ್ಲೋ ಅಂಡ್ ಲವ್ಲಿ ಎಂದಾಯಿತು. ಡಬ್ಬಿಯ ಮೇಲಿನ ಮಾತು ಬದಲಾಯಿತು. ಹೆಣ್ಣು ನೋಡಲು ಬರುವವರ ಮಾತು ಬದಲಾಗಿಲ್ಲ. ಕ್ರೀಮಿಗಿಂತ ಮುಂಚೆ ಆ ಹುಡುಗಿಯ ಮುಖ ಸುಟ್ಟಿದ್ದು "ಸ್ವಲ್ಪ ಕಪ್ಪ" ಎಂಬ ಮಾತು. ನಾವು ಆ ಮಾತಿಗೆ ಔಷಧಿ ಕೊಡಲು ಹೋಗಿ ಅದನ್ನೇ ಒಪ್ಪಿಕೊಂಡೆವು.

ಚರ್ಮದ ಕಪ್ಪು ಮೆಲನಿನ್ ಎಂಬ ಬಣ್ಣದಿಂದ ಬರುತ್ತದೆ. ಬಿಸಿಲಿನ ಕೆಡುಕನ್ನು ತಡೆಯಲು ಮೈ ತಾನೇ ಹಿಡಿದುಕೊಂಡ ಕೊಡೆ ಅದು. ಬಿಸಿಲಲ್ಲಿ ದುಡಿಯುವವರ ಕೊಡೆ ಕಿತ್ತುಕೊಂಡು ಬೆಳ್ಳಗಾದೆ ಎಂದು ಹೊಗಳಿದರೆ ಏನು ಬಂತು?

ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿಯ ಅವ್ವ ಬಹಳ ಹೊತ್ತು ಸುಮ್ಮನಿದ್ದರು. ಕಿಟಕಿಯ ಹೊರಗೆ ಹರಗಿದ ಎರಿ ಹೊಲ ಕಂಡಾಗ, ಯಾರಿಗೂ ಹೇಳದ ಹಾಗೆ ಹೇಳಿದರು: "ಹೊಲ ಕರಿ ಇದ್ದಷ್ಟೂ ರೇಟ್ ಜಾಸ್ತಿ ಅಂತಾರ. ಹುಡುಗಿ ಕರಿ ಇದ್ದಷ್ಟೂ ವರದಕ್ಷಿಣಿ ಜಾಸ್ತಿ ಅಂತಾರ. ಇದ್ಯಾವ ಲೆಕ್ಕನವ್ವಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವಳು ಈಗ ಹೇಗಿದ್ದಾಳೆ ಎಂದು ಕೇಳುತ್ತೀರಿ. ಮೊದಲ ಕೆಲವು ವಾರ ಕಷ್ಟಪಟ್ಟಳು, ರಾತ್ರಿ ಒದ್ದೆ ಬಟ್ಟೆ ಮುಖದ ಮೇಲಿಟ್ಟುಕೊಂಡು ಮಲಗುತ್ತಿದ್ದಳು. ಈಗ ಉರಿ ಬಹಳಷ್ಟು ಇಳಿದಿದೆ. ಮೊಡವೆ ಕಡಿಮೆಯಾಗಿವೆ. ಕೆನ್ನೆಯ ಕೆಂಪು ನರಗಳು ಇನ್ನೂ ಇವೆ, ಅವು ಪೂರ್ತಿ ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಹೊಲಿಗೆ ಮಷಿನ್ ಮುಂದೆ ಕೂರುತ್ತಾಳೆ. ಬರುವ ಸುಗ್ಗಿಗೆ ಕೆಲಸಕ್ಕೆ ಹೋಗುವ ಮನಸ್ಸಿದೆ. ಆಸ್ಪತ್ರೆಯ ಓಡಾಟದ ಖರ್ಚು ನಾವು ಕೊಡುತ್ತಿದ್ದೇವೆ. ಅವಳು ಕಳೆದುಕೊಂಡ ಒಂದು ಸುಗ್ಗಿಯ ಕೂಲಿಗೆ ಅದು ಸಾಟಿಯಲ್ಲ ಎಂದು ನಮಗೆ ಗೊತ್ತು.

ಈ ಬರಹವನ್ನು ಹಾಕುವ ಮೊದಲು ಅವಳಿಗೆ ಓದಿ ಹೇಳಿದೆವು. ಎರಡು ಕಡೆ ತಿದ್ದಿಸಿದಳು. ಒಂದು ಕಡೆ ನಾವು ‘ಪಾಪದ ಹುಡುಗಿ’ ಎಂದು ಬರೆದಿದ್ದೆವು. "ಅದನ್ನ ತಗೀರಿ. ನಾ ಪಾಪ ಏನಲ್ಲ, ಗೊತ್ತಿರಲಿಲ್ಲ ಅಷ್ಟ" ಎಂದಳು. ತೆಗೆದೆವು. ಇನ್ನೊಂದು ಕಡೆ, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾವು ಕೂಡಲೇ ಒಪ್ಪಿಕೊಂಡೆವು ಎಂದು ಬರೆದಿದ್ದೆವು. "ಕೂಡಲೇ ಏನ್ ಹೇಳಲಿಲ್ಲ ನೀವು. ನಾ ನೋಡಿದ ಮ್ಯಾಲ ಹೇಳಿದ್ರಿ" ಎಂದಳು. ಅದನ್ನೂ ತಿದ್ದಿದ್ದೇವೆ.

ನಿಮ್ಮ ಮನೆಯಲ್ಲಿರುವ ಟ್ಯೂಬಿನ ಎರಡೂ ಬದಿಯ ಫೋಟೋ ನಮಗೆ ಕಳಿಸಿ. ನಾವು ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ಏನು ಬರೆದಿದೆ ಎಂದು ಕನ್ನಡದಲ್ಲಿ ಓದಿ ಹೇಳುತ್ತೇವೆ. ಮೊದಲೇ ಮಾಡಬೇಕಿದ್ದ ಕೆಲಸ ಅದು.